ಇಲ್ಲಿ ನಿಟ್ಟುಸಿರು

“ನನ್ನ ಕೈಗೆ ಸಿಕ್ಕ ಯಾವ ಪಾತ್ರಧಾರಿಯೂ ಇವತ್ತಿನವರೆಗೆ ರಂಗದ ಮೇಲೆ ಬಾಯಿ ಕಟ್ಟಿ ನಿಂತಿಲ್ಲ! ಇನ್ನು ನನ್ನ ಹೆಂಡತಿ ಒಬ್ಬ ಡಾಕ್ಟರ ಮುಂದೆ ನಿಲ್ತಾಳಾ? ನಾನು ನಿಲ್ಲೋಕೆ ಬಿಡ್ತೀನಾ?”

ಹೀಗೆಂದು ಘೋಷಿಸಿ ಪ್ರಾಂಪ್ಟರ್ ಸಾಹೇಬರು ಊಟದ ಮೇಜಿನ ಮೇಲೆ ಒಂದು ಗುದ್ದು ಗುದ್ದಿದರು. ಅಂಚಿನಲ್ಲಿದ್ದ ಚಹಾದ ಗಾಜಿನ ಲೋಟ ಎಗರಿತು. ಹೆಂಡತಿ ತಟ್ಟನೆ ಬಲಗೈ ಚಾಚಿದರು. ಲೋಟ ಕೈಗೇನೋ ಸಿಕ್ಕಿತು, ಆದರೆ ಸಿಕ್ಕಿದ್ದು ಕೈಗೆ ಗೊತ್ತಾಗಲಿಲ್ಲ. ಬೆರಳುಗಳ ನಡುವಿನಿಂದ ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ಗುದ್ದಿದವರು ಕಿಟಕಿಯ ಕಡೆ ನೋಡಿದರು, ಬೀಳಿಸಿದವರು ಪೊರಕೆ ತರಲು ಹೋದರು.

ಸಾಹೇಬರು ಎಂದರೆ ಯಾವ ಕಚೇರಿಯ ಸಾಹೇಬರೂ ಅಲ್ಲ. ನಾಟಕ ಕಂಪನಿಯಲ್ಲಿ ಪಕ್ಕದ ಪರದೆಯ ಹಿಂದೆ ಕುಳಿತು, ಮಾತು ಮರೆತವರಿಗೆ ಮೆಲ್ಲಗೆ ಹೇಳಿಕೊಡುವ ಪ್ರಾಂಪ್ಟರು. ನಟರು ತಮಾಷೆಗೆ ಇಟ್ಟ ‘ಸಾಹೇಬರು’ ಎಂಬ ಹೆಸರನ್ನು ಅವರು ಗಂಭೀರವಾಗಿ ತೆಗೆದುಕೊಂಡು ಬಹಳ ಕಾಲವಾಗಿತ್ತು. ಬದುಕಿಡೀ ಪಿಸುಗುಟ್ಟಿದ ಸಿಟ್ಟನ್ನೆಲ್ಲ ಮನೆಗೆ ಬಂದು ಗಂಟಲು ಹರಿಯುವಂತೆ ಕೂಗಿ ತೀರಿಸಿಕೊಳ್ಳುತ್ತಿದ್ದರು. ವಾದ್ಯದವರ ಪಕ್ಕದಲ್ಲೇ ಕೂತು ಕೂತು ಕಿವಿ ಬೇರೆ ಮಂದವಾಗಿತ್ತು. ತಾವು ಇವತ್ತಿಗೂ ಪಿಸುಗುಟ್ಟುತ್ತಿದ್ದೇವೆ ಎಂದೇ ಅವರ ನಂಬಿಕೆ. ಬೀದಿಯ ಆ ತುದಿಯವರಿಗೆ ಬೇರೆ ಅಭಿಪ್ರಾಯವಿತ್ತು.

ಹೆಂಡತಿಯನ್ನು ಕಂಪನಿಯವರೆಲ್ಲ ದರ್ಜಿಯಮ್ಮ ಎನ್ನುತ್ತಿದ್ದರು. ರಾಜ, ಮಂತ್ರಿ, ಕೊಲೆಗಾರ, ಹೆಣವಾಗಿ ಬೀಳುವವನು, ಎಲ್ಲರ ಉಡುಪೂ ಅವರ ಕೈಯದೇ. ಮಣಿ ಕೆಲಸದಲ್ಲಂತೂ ಅವರನ್ನು ಮೀರಿಸುವವರಿರಲಿಲ್ಲ. ಕಣ್ಣು ಮುಚ್ಚಿ ಡಬ್ಬಿಯೊಳಗೆ ಬೆರಳಾಡಿಸಿದರೆ ಸಾಕು, ಯಾವ ಮಣಿ ದುಂಡಗಿದೆ, ಯಾವುದು ಮುಕ್ಕಾಗಿದೆ ಎಂದು ಹೇಳಿಬಿಡುತ್ತಿದ್ದರು. ಅಂಥ ಕೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಈಗ ಮಾತು ಬಿಟ್ಟಿದ್ದವು. “ಯಾರದೋ ಬೆರಳು ತಂದು ನನ್ನ ಕೈಗೆ ಹೊಲಿದ ಹಾಗಿದೆ ಕಣ್ರೀ” ಎನ್ನುತ್ತಿದ್ದರು. ಕಿಟಕಿಯ ಪಕ್ಕದ ಗೂಟಕ್ಕೆ ರಾಣಿಯ ಅಂಗಿಯೊಂದು ನೇತಾಡುತ್ತಿತ್ತು. ಅದರ ಕತ್ತಿನ ಪಟ್ಟಿಯ ಅರ್ಧಕ್ಕೆ ಮಣಿ ತುಂಬಿತ್ತು, ಉಳಿದರ್ಧ ಬೋಳು. ಆ ಬೋಳು ಭಾಗದ ಕಡೆ ಇಬ್ಬರೂ ನೋಡುತ್ತಿರಲಿಲ್ಲ.

ಬಡಾವಣೆಯ ಡಾಕ್ಟರು ದೊಡ್ಡಾಸ್ಪತ್ರೆಯ ನರದ ಡಾಕ್ಟರಿಗೆ ಬರೆದುಕೊಟ್ಟಿದ್ದರು. ಕಾದು ಕಾದು ಕಣ್ಣು ಬೆಳ್ಳಗಾದ ಮೇಲೆ ಒಂದು ದಿನ ಸಿಕ್ಕಿತ್ತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳಿಗೆ ಅವತ್ತೇ ರಜೆ ಇಲ್ಲ.

“ಅಪ್ಪಾ, ಆ ಮೇಡಂ ಒಬ್ಬೊಬ್ಬರಿಗೆ ಕೊಡೋದು ಹತ್ತೇ ನಿಮಿಷವಂತೆ. ಅಮ್ಮನ್ನ ಹಾಗೇ ಬಿಟ್ಟರೆ ‘ಏನಿಲ್ಲ ಬಿಡಿ, ಸ್ವಲ್ಪ ಜೋಮು’ ಅಂತ ಹೇಳಿ ಎದ್ದು ಬಂದುಬಿಡ್ತಾಳೆ” ಎಂದು ಮಗಳು ಅಪ್ಪನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು. “ಆಸ್ಪತ್ರೆಯವರದ್ದೇ ಇದು. ಏನು ತೊಂದರೆ, ಯಾವಾಗ ಜಾಸ್ತಿ, ಡಾಕ್ಟರನ್ನ ಏನು ಕೇಳಬೇಕು, ಎಲ್ಲಾ ಮೊದಲೇ ತುಂಬಿಸಬೇಕು. ಅದು ನೇರವಾಗಿ ಅವರ ಕಂಪ್ಯೂಟರಿಗೆ ಹೋಗುತ್ತೆ. ಇಲ್ಲಿ ಕೆಳಗಡೆ ‘ಆರೈಕೆ ಮಾಡುವವರ ಟಿಪ್ಪಣಿ’ ಅಂತ ಇದೆ ನೋಡು, ಅದು ನಿನಗೆ ಮಾತ್ರ. ಬೇರೆ ಯಾರಿಗೂ ಕಾಣೋದಿಲ್ಲ.”

ಕಾಣುವುದಿಲ್ಲ ಎಂದಳೇ ಹೊರತು, ಕೇಳಿಸುವುದಿಲ್ಲ ಎಂದು ಮಗಳು ಹೇಳಲಿಲ್ಲ. ಮುಂದೆ ನಡೆದ ಅನಾಹುತಕ್ಕೆ ಅವಳನ್ನು ದೂರುವ ಹಾಗಿಲ್ಲ.

ಸಾಹೇಬರು ಆ್ಯಪನ್ನು ಒತ್ತಿದ ಕೂಡಲೇ ಒಳಗಿನಿಂದ ಹೆಂಗಸಿನ ದನಿಯೊಂದು ಮಾತಾಡಿತು. “ನಮಸ್ಕಾರ. ನಿಮ್ಮ ಭೇಟಿಗೆ ಸಿದ್ಧರಾಗೋಣವೇ?” ಡಾಕ್ಟರ ಮುಂದೆ ಏನಾದರೂ ಮರೆತರೆ ‘ನೆನಪಿಸು’ ಎಂಬ ಗುಂಡಿ ಒತ್ತಿದರಾಯಿತು, ಬರೆದದ್ದನ್ನೆಲ್ಲ ಆಕೆಯೇ ಓದಿ ಹೇಳುತ್ತಾಳೆ. ಇದನ್ನು ಕೇಳಿ ಸಾಹೇಬರ ಮುಖ ಹುಳ್ಳಗಾಯಿತು.

“ಇವಳ್ಯಾರೇ ನನ್ನ ಕೆಲಸ ಕಿತ್ಕೊಳ್ಳೋಕೆ ಬಂದವಳು? ಗಂಟಲು ನೋಡು, ತಗಡಿನ ಡಬ್ಬಿ! ಏರಿಲ್ಲ, ಇಳಿತವಿಲ್ಲ!”

“ಏರಿಳಿತ ಯಾಕ್ರೀ? ಕಾಯಿಲೆ ಹೇಳಿದರೆ ಸಾಲದಾ?”

“ಸಾಲದು! ಕಾಯಿಲೆ ಇದ್ದರೆ ಸಾಲದು ಕಣೆ, ಕೊನೆ ಸಾಲಿನಲ್ಲಿ ಕೂತವರಿಗೂ ಕಾಣಬೇಕು!”

ಅಂದಿನಿಂದ ತಾಲೀಮು ಶುರುವಾಯಿತು. ಸಾಹೇಬರೇ ಡಾಕ್ಟರು. ಕತ್ತಿಗೆ ಅಳತೆ ಟೇಪು ನೇತುಹಾಕಿಕೊಂಡು, ಹೊಲಿಗೆ ಯಂತ್ರದ ಹಿಂದೆ ಕುರ್ಚಿ ಹಾಕಿ ಕೂತರು. ದರ್ಜಿಯಮ್ಮ ಬಾಗಿಲಿನಿಂದ ಒಳಗೆ ಬರಬೇಕು. ಬಂದರೆ, “ಬಲಗಾಲಿಟ್ಟು ಬಾ, ಎಡಗಾಲು ಖಳನಾಯಕರದ್ದು” ಎಂದು ವಾಪಸು ಕಳಿಸುತ್ತಿದ್ದರು.

“ಏನಮ್ಮಾ ತೊಂದರೆ?”

“ಬಲಗೈ ಬೆರಳು ಜೋಮು ಹಿಡಿದಿದೆ.”

“ಥೂ! ತರಕಾರಿ ರೇಟು ಹೇಳಿದ ಹಾಗೆ ಹೇಳ್ತೀಯಲ್ಲೇ! ಜೋಮು ಅನ್ನೋದಕ್ಕೆ ಮುಂಚೆ ಒಂದು ನಿಟ್ಟುಸಿರು ಬಿಡು.”

“ನಿಟ್ಟುಸಿರು ಬಿಟ್ಟರೆ ಅವರು ಎದೆ ಪರೀಕ್ಷೆ ಮಾಡ್ತಾರೆ. ಬೆರಳು ಯಾರು ನೋಡ್ತಾರೆ?”

“ಬಿಡು ಅಂದರೆ ಬಿಡು!”

ದರ್ಜಿಯಮ್ಮ ಬಿಟ್ಟರು. ಅದೇನೂ ಅಭಿನಯವಾಗಿರಲಿಲ್ಲ, ಆದ್ದರಿಂದಲೇ ಸಾಹೇಬರಿಗೆ ಹಿಡಿಸಲಿಲ್ಲ. ಇನ್ನೊಮ್ಮೆ ಬಿಡಿಸಿದರು. ಮತ್ತೊಮ್ಮೆ ಬಿಡಿಸಿದರು. ಕೊನೆಗೆ ಅವರು “ಇಲ್ಲಿ ನಿಟ್ಟುಸಿರು” ಎಂದರೆ ಸಾಕು, ದರ್ಜಿಯಮ್ಮ ಒಲೆಯ ಮುಂದಿದ್ದರೂ ಅಲ್ಲಿಂದಲೇ ಹಾ ಎಂದು ಉಸಿರು ಬಿಡುವಷ್ಟು ಅಭ್ಯಾಸವಾಯಿತು. ಸಾಹೇಬರು ಈ ಸೂಚನೆಗಳನ್ನೆಲ್ಲ ಆರೈಕೆ ಮಾಡುವವರ ಟಿಪ್ಪಣಿಯಲ್ಲಿ ಶ್ರದ್ಧೆಯಿಂದ ಒತ್ತಿ ಒತ್ತಿ ಬರೆದುಕೊಂಡರು.

ತಾಲೀಮಿನ ನಡುವೆಯೇ ಒಂದು ವಿಘ್ನ ಬಂತು. ದರ್ಜಿಯಮ್ಮ ಮಂಡಿಯೂರಿ ನೆಲ ಸವರುತ್ತಿದ್ದರು.

“ಏನೇ ಅದು? ಡಾಕ್ಟರು ಇಲ್ಲಿ ಕಾಯ್ತಾ ಇದ್ದಾರೆ!”

“ಮಣಿ ಸೂಜಿ ಮುರಿದುಹೋಯ್ತು ರೀ. ತುದಿ ಎಲ್ಲಿ ಬಿತ್ತೋ ಸಿಗ್ತಾ ಇಲ್ಲ. ಮೊದಲು ಚಪ್ಪಲಿ ಹಾಕ್ಕೊಳ್ಳಿ. ಕೂದಲಿನಷ್ಟು ಸಣ್ಣ ಸೂಜಿ, ನಿಮ್ಮ ಕಾಲಿಗೆ ಹೊಕ್ಕರೆ ಗೊತ್ತೂ ಆಗಲ್ಲ.”

“ಸೂಜಿ ಯಾಕೆ ಮುಟ್ಟೋಕೆ ಹೋದೆ?”

“ಒಂದೇ ಒಂದು ಮಣಿ ಹಾಕೋಣ ಅಂತ” ಎಂದು ದರ್ಜಿಯಮ್ಮ ನೆಲದ ಕಡೆಯೇ ನೋಡುತ್ತಾ ಹೇಳಿದರು.

ಸಾಹೇಬರು ಗೊಣಗುತ್ತಾ ಚಪ್ಪಲಿ ಮೆಟ್ಟಿದರು. ಮನೆಯೊಳಗೆ ಚಟಪಟ ಸದ್ದು ಮಾಡಿಕೊಂಡು ತಿರುಗುವುದು ಅವರ ಡಾಕ್ಟರ ಪಾತ್ರಕ್ಕೆ ಚೆನ್ನಾಗಿಯೇ ಒಪ್ಪಿತು. ಸೂಜಿಯ ತುದಿ ಮಾತ್ರ ಸಿಗಲೇ ಇಲ್ಲ.

ಆಮೇಲೆ ಮೊಬೈಲಿನ ಹೆಂಗಸು, “ತೊಂದರೆ ಇರುವ ಭಾಗದ ಚಿತ್ರವನ್ನು ಸೇರಿಸಿ” ಎಂದಳು. ಸಾಹೇಬರು ಹೆಂಡತಿಯನ್ನು ಕಿಟಕಿಯ ಬಳಿ ಕೂರಿಸಿ, ಹಿಂದೆ ಕಪ್ಪು ಬಟ್ಟೆ ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿದರು.

“ಎಡಗೈ ಎತ್ತು.”

“ತೊಂದರೆ ಇರೋದು ಬಲಗೈಗೆ.”

“ಅದು ನನಗೂ ಗೊತ್ತು. ಆದರೆ ಬೆಳಕು ಬೀಳ್ತಿರೋದು ಎಡಗೈ ಮೇಲೆ. ಬಲಗೈ ಪೂರ್ತಿ ನೆರಳಲ್ಲಿದೆ, ಕಲ್ಲಿದ್ದಲ ತುಂಡಿನ ಹಾಗೆ ಕಾಣುತ್ತೆ. ಒಬ್ಬ ಮನುಷ್ಯನ ಎರಡು ಕೈಗೆ ಏನೇ ವ್ಯತ್ಯಾಸ? ಹೆಬ್ಬೆರಳೊಂದು ಆ ಕಡೆ, ಒಂದು ಈ ಕಡೆ, ಅಷ್ಟೇ ತಾನೆ!”

ಬೆಳಕಿನಲ್ಲಿ ಮಿಂದ ಎಡಗೈಯ ಚಿತ್ರ ಆಸ್ಪತ್ರೆಯ ಕಂಪ್ಯೂಟರಿಗೆ ಹೋಯಿತು. ಬಲಗೈಯನ್ನು ಮಾತ್ರ ಆ ಮನೆಯಲ್ಲಿ ಯಾರೂ ನೆಟ್ಟಗೆ ತಿರುಗಿಸಿ ನೋಡಲಿಲ್ಲ.

ಕೊನೆಯದಾಗಿ ಆಕೆ, “ನಿಮ್ಮ ಮುಖ್ಯವಾದ ಪ್ರಶ್ನೆ ಯಾವುದು?” ಎಂದು ಕೇಳಿದಳು. ಇದಕ್ಕೆ ದರ್ಜಿಯಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಮತ್ತೆ ಸೂಜಿ ಹಿಡಿಯೋಕಾಗುತ್ತಾ ಅಂತ ಬರೀರಿ. ಅದೊಂದೇ. ಬೇರೇನೂ ಬೇಡ.”

ಸಾಹೇಬರ ಬೆರಳು ಮೊಬೈಲಿನ ಮೇಲೆ ನಿಂತಿತು. “ಅದು… ಅದು ಕೊನೇ ಅಂಕದ ಮಾತು ಕಣೆ. ಮೊದಲನೇ ಭೇಟಿಯಲ್ಲೇ ಕೇಳಿದರೆ ಮುಂದಕ್ಕೆ ಕತೆ ಉಳಿಯಲ್ಲ” ಎಂದು ಏನೋ ಹೇಳಿ, ‘ಎಷ್ಟು ದಿನದಲ್ಲಿ ಗುಣ ಆಗುತ್ತೆ?’ ಎಂದು ಬರೆದುಬಿಟ್ಟರು. ಹೀಗೆ ಕೇಳಿದರೆ ಗುಣವಾಗುವುದಂತೂ ಖಾತ್ರಿ, ದಿನದ ಲೆಕ್ಕವಷ್ಟೇ ಬಾಕಿ ಎಂದಂತಾಯಿತಲ್ಲ! ನಿಜ ಹೇಳಬೇಕೆಂದರೆ ಸಾಹೇಬರಿಗೆ ಹೆದರಿಕೆಯಾಗಿತ್ತು. ಆ ಪ್ರಶ್ನೆಗೆ ಬರಬಹುದಾದ ಉತ್ತರವನ್ನು ಕೇಳುವ ಎದೆ ಅವರಿಗಿರಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಬೆಂಚು ತುಂಬಾ ಜನ. ಒಬ್ಬರ ಮುಖದಲ್ಲೂ ಕಳೆಯಿಲ್ಲ. ಮಾಸಿದ ಗೋಡೆಯ ಮೇಲಿನ ಗಡಿಯಾರವೂ ಕಾಯಿಲೆ ಬಿದ್ದಂತೆ ನಡೆಯುತ್ತಿತ್ತು. ಅಲ್ಲಿಯೂ ಸಾಹೇಬರು ಹೆಂಡತಿಯ ಕಿವಿಯಲ್ಲಿ ‘ಪಿಸುಗುಟ್ಟಿ’ ಕೊನೆಯ ತಾಲೀಮು ನಡೆಸಿದರು. ಇಡೀ ಪಡಸಾಲೆಗೆ ದರ್ಜಿಯಮ್ಮನ ಬೆರಳಿನ ವೃತ್ತಾಂತ ಬಾಯಿಪಾಠವಾಯಿತು.

ಒಳಗೆ ಕರೆದರು. ಡಾಕ್ಟರ್ ಮೇಡಂ ಬೆಳಗಿನಿಂದ ಕೂತು ದಣಿದ ಹೆಂಗಸು. ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೇಳಿದರು.

“ಯಾವ ಕೈ ಅಮ್ಮಾ?”

ಹೋಯಿತು! ತಾಲೀಮಿನಲ್ಲಿ ಮೊದಲ ಪ್ರಶ್ನೆ ‘ಏನು ತೊಂದರೆ’ ಎಂದಿತ್ತೇ ಹೊರತು ‘ಯಾವ ಕೈ’ ಎಂದಿರಲಿಲ್ಲ. ದರ್ಜಿಯಮ್ಮ ಕಕ್ಕಾಬಿಕ್ಕಿಯಾಗಿ ಗಂಡನ ಕಡೆ ತಿರುಗಿದರು.

“ಬಲಗೈ ಅನ್ನು!” ಎಂದು ಸಾಹೇಬರು ಪಿಸುಗುಟ್ಟಿದರು. ಹೊರಗಿನ ಬೆಂಚಿನಲ್ಲಿ ಯಾರೋ ಬೆಚ್ಚಿಬಿದ್ದು ಬಲಗೈ ಎತ್ತಿದರಂತೆ.

“ನೀವು ಸುಮ್ಮನಿರಿ ಯಜಮಾನರೇ, ಅವರೇ ಹೇಳಲಿ.”

ಸುಮ್ಮನಿರುವುದೆಂದರೆ! ಸಾಹೇಬರಿಗೆ ಹುಟ್ಟಿದಂದಿನಿಂದ ಯಾರೂ ಹೀಗೆ ಹೇಳಿರಲಿಲ್ಲ. ಕಣ್ಣೆದುರು ಪಾತ್ರಧಾರಿ ಮಾತು ಮರೆತು ಒದ್ದಾಡುತ್ತಿರುವಾಗ ಪ್ರಾಂಪ್ಟರಾದವನು ಕೈಕಟ್ಟಿ ಕೂರುವುದೇ? ಬರೆದದ್ದನ್ನಾದರೂ ಹೆಂಡತಿಗೆ ತೋರಿಸೋಣವೆಂದು ಮೆಲ್ಲಗೆ ಜೇಬಿನಿಂದ ಮೊಬೈಲು ತೆಗೆದು, ಮೇಜಿನ ಕೆಳಗೆ ಹಿಡಿದು, ತಡಕಾಡಿ ಒಂದು ಕಡೆ ಒತ್ತಿದರು. ಒತ್ತಿದ್ದು ‘ನೆನಪಿಸು’ ಗುಂಡಿಯನ್ನು. ಅವರ ಮಂದ ಕಿವಿಗೆ ಹೊಂದುವಂತೆ ಮೊಬೈಲಿನ ದನಿ ತಾರಸ್ಥಾಯಿಯಲ್ಲಿತ್ತು.

“ಆರೈಕೆ ಮಾಡುವವರ ಟಿಪ್ಪಣಿ!” ಎಂದು ತಗಡಿನ ಗಂಟಲು ಮೊಳಗಿತು. “ಬಾಗಿಲಲ್ಲಿ ಒಂದು ಕ್ಷಣ ಗೋಡೆ ಹಿಡಿದು ನಿಲ್ಲಬೇಕು. ಕುರ್ಚಿಯಲ್ಲಿ ಕುಸಿಯಬೇಕು. ಇಲ್ಲಿ ನಿಟ್ಟುಸಿರು.”

ಮಾತು ಕಿವಿಗೆ ಬಿದ್ದದ್ದೇ ತಡ, ಅಭ್ಯಾಸಬಲದಿಂದ ದರ್ಜಿಯಮ್ಮ ಉದ್ದನೆಯ ಒಂದು ನಿಟ್ಟುಸಿರು ಬಿಟ್ಟೇಬಿಟ್ಟರು!

ಡಾಕ್ಟರ್ ಮೇಡಂ ಕಂಪ್ಯೂಟರಿನಿಂದ ಕಣ್ಣು ತೆಗೆದರು.

“ಕೈ ಮೆಲ್ಲಗೆ ನಡುಗಿಸಬೇಕು. ಕಣ್ಣೀರು ಬಂದರೆ ಉತ್ತಮ, ಬಾರದಿದ್ದರೆ ತಲೆ ತಗ್ಗಿಸಬೇಕು. ಡಾಕ್ಟರು ಕಲ್ಲುಹೃದಯದವರಾಗಿದ್ದರೆ ಇಲ್ಲಿ ಎರಡನೇ ನಿಟ್ಟುಸಿರು.”

ಸಾಹೇಬರು ಮೊಬೈಲಿನ ಮೈಯೆಲ್ಲ ಒತ್ತಿದರು. ಒತ್ತಿದಷ್ಟೂ ಆಕೆ ಮೊದಲಿನಿಂದ ಶುರು ಮಾಡಿದಳು. ಜೇಬಿಗೆ ತುರುಕಿದರು, ಜೇಬು ಮಾತಾಡಿತು. ಅದರ ಮೇಲೆ ಕೂತರು, ಕುರ್ಚಿ ಮಾತಾಡಿತು. ಕಡೆಗೆ ಡಾಕ್ಟರ್ ಮೇಡಂ ಅವರೇ ಕೈಚಾಚಿ ಮೊಬೈಲು ಇಸಕೊಂಡು ಬಾಯಿ ಮುಚ್ಚಿಸಿ ಮೇಜಿನ ಮೇಲಿಟ್ಟರು.

“ಏನು, ಅಂಗವಿಕಲರ ಸರ್ಟಿಫಿಕೇಟ್ ಬೇಕಾಗಿತ್ತಾ?”

“ಇಲ್ಲ ಮೇಡಂ, ದೇವರಾಣೆ…”

“ತಾಲೀಮು ಮಾಡ್ಕೊಂಡು ಬರೋರನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಚಿತ್ರ ಕಳಿಸಿದ್ದೀರಿ, ಕೈ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ. ಅದೂ ಎಡಗೈ. ಇಲ್ಲಿ ಬರೆದಿರೋದು ಬಲಗೈ ಅಂತ. ಯಾವುದು ಸುಳ್ಳು?”

“ಬೆಳಕು ಆ ಕಡೆಯಿಂದ ಬರ್ತಿತ್ತು ಮೇಡಂ” ಎಂದರು ಸಾಹೇಬರು. ಅವರ ಮಟ್ಟಿಗೆ ಅದು ಸತ್ಯವಾದ ಉತ್ತರ. ಡಾಕ್ಟರ್ ಮೇಡಂ ಕಣ್ಣಿಗೆ ಅದು ಹಾಗೆ ಕಾಣಲಿಲ್ಲ.

“ಹೊರಗಡೆ ನಿಜವಾದ ರೋಗಿಗಳು ಕಾಯ್ತಿದ್ದಾರೆ” ಎಂದು ಅವರು ಮುಂದಿನವರನ್ನು ಕರೆಯುವ ಗಂಟೆಯ ಕಡೆ ಕೈ ಚಾಚಿದರು.

ಅಷ್ಟು ಕಾದು ಪಡೆದ ಭೇಟಿ ಕಣ್ಣೆದುರೇ ನೀರುಪಾಲಾಗುತ್ತಿತ್ತು. ದರ್ಜಿಯಮ್ಮ ಇನ್ನೇನು ಮಾಡುವುದೆಂದು ಬಲಗೈಯನ್ನು ಮೇಜಿಗೆ ಊರಿ ಏಳಲು ಹೋದರು.

ಬೆರಳ ತುದಿಯಲ್ಲಿ ಏನೋ ಮಿಣುಕಿತು.

“ಒಂದು ನಿಮಿಷ” ಎಂದರು ಡಾಕ್ಟರ್ ಮೇಡಂ. “ಕೂತ್ಕೊಳ್ಳಿ. ಕೈ ಕೊಡಿ ಇಲ್ಲಿ.”

ಕೈಯನ್ನು ದೀಪದ ಕೆಳಗೆ ತಿರುಗಿಸಿ ನೋಡಿದರು. ಒಂದು ಸಣ್ಣ ಚಿಮಟ ತೆಗೆದುಕೊಂಡು ತೋರುಬೆರಳಿನಿಂದ ಏನನ್ನೋ ಮೆಲ್ಲಗೆ ಎಳೆದರು. ಅದು ಬಂತು, ಇನ್ನೂ ಬಂತು, ಉಗುರಿನುದ್ದದ ಸೂಜಿಯ ತುದಿ. ದರ್ಜಿಯಮ್ಮನ ಮುಖ ಅರಳಿತು.

“ಅಯ್ಯೋ, ಇಲ್ಲಿತ್ತಾ ಇದು! ಮನೆಯೆಲ್ಲಾ ಹುಡುಕಿದೆನಲ್ಲ ರೀ! ಇನ್ನು ಚಪ್ಪಲಿ ಬೇಕಾಗಿಲ್ಲ ಬಿಡಿ ನಿಮಗೆ.”

ಆ ಕೋಣೆಯಲ್ಲಿ ಯಾರೂ ನಗಲಿಲ್ಲ.

ಡಾಕ್ಟರ್ ಮೇಡಂ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಆ ಮೂರು ಬೆರಳುಗಳ ತುದಿಯಲ್ಲಿ ಹಳೆಯ, ಹೊಸ ಚುಚ್ಚುಗಳು ಅಕ್ಕಪಕ್ಕದಲ್ಲಿ ತುಂಬಿಕೊಂಡಿದ್ದವು. ಹೆಬ್ಬೆರಳ ಬುಡದ ಮಾಂಸ ಕರಗಿ ಕುಳಿ ಬಿದ್ದಿತ್ತು. ಸಾಹೇಬರು ಅದನ್ನು ನೋಡಿದ್ದು ಅದೇ ಮೊದಲು.

“ಅಮ್ಮಾ, ತಪ್ಪು ತಿಳ್ಕೊಂಡೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕಣ್ಣು ಮುಚ್ಚಿ. ಚುಚ್ತೀನಿ, ಗೊತ್ತಾದಾಗ ಹೇಳಿ.”

ದರ್ಜಿಯಮ್ಮ ಕಣ್ಣು ಮುಚ್ಚಿ, ಒಳ್ಳೆಯ ವಿದ್ಯಾರ್ಥಿನಿಯಂತೆ ನೆಟ್ಟಗೆ ಕೂತರು. ಡಾಕ್ಟರ್ ಮೇಡಂ ಹೆಬ್ಬೆರಳಿಗೆ ಚುಚ್ಚಿದರು. ತೋರುಬೆರಳಿಗೆ, ನಡುಬೆರಳಿಗೆ ಚುಚ್ಚಿದರು. ಮತ್ತೆ ಹೆಬ್ಬೆರಳಿಗೆ ಬಂದರು.

“ಶುರು ಮಾಡಿದ್ರಾ ಮೇಡಂ?” ಎಂದು ದರ್ಜಿಯಮ್ಮ ಕೇಳಿದರು.

ಸಾಹೇಬರ ಕಣ್ಣಲ್ಲಿ ನೀರು ಬಂತು. ಟಿಪ್ಪಣಿಯಲ್ಲಿ ಬರೆದಿದ್ದದ್ದು ಹೆಂಡತಿಗೆ, ಬಂದದ್ದು ಗಂಡನಿಗೆ. ಅದನ್ನು ಒರೆಸಿಕೊಳ್ಳಲು ಅವರು ಬಹಳ ಹೊತ್ತು ತಮ್ಮ ಚಪ್ಪಲಿಯ ಕಡೆ ಬಗ್ಗಿ ಕೂತರು.

ಮಣಿಕಟ್ಟಿನೊಳಗೆ ನರ ಒತ್ತಿಕೊಂಡಿದೆ ಎಂದು ಡಾಕ್ಟರ್ ಮೇಡಂ ವಿವರಿಸಿದರು. ಒಂದು ಪರೀಕ್ಷೆ ಆಗಬೇಕು, ಆಮೇಲೆ ಸಣ್ಣ ಶಸ್ತ್ರಚಿಕಿತ್ಸೆ. ಅದರಿಂದ ಕೈ ಇನ್ನಷ್ಟು ಹಾಳಾಗುವುದು ತಪ್ಪುತ್ತದೆ, ಲೋಟ ಹಿಡಿಯುವಷ್ಟು ಶಕ್ತಿ ಬಂದರೂ ಬರಬಹುದು.

ಆಗ ದರ್ಜಿಯಮ್ಮ ಯಾರ ಕಡೆಯೂ ತಿರುಗದೆ, ನಿಟ್ಟುಸಿರೂ ಬಿಡದೆ, ತರಕಾರಿ ರೇಟು ಕೇಳುವ ದನಿಯಲ್ಲೇ ಕೇಳಿದರು. “ಮತ್ತೆ ಮಣಿ ಹೊಲಿಯೋಕಾಗುತ್ತಾ?”

ಡಾಕ್ಟರ್ ಮೇಡಂ ಆ ಕೈಯನ್ನು ಇನ್ನೂ ಹಿಡಿದೇ ಇದ್ದರು.

“ನಿಮಗೆ ಸುಳ್ಳು ಹೇಳಲ್ಲ ಅಮ್ಮಾ. ನರ ತುಂಬಾ ಸೊರಗಿಬಿಟ್ಟಿದೆ. ಅಷ್ಟು ಸೂಕ್ಷ್ಮವಾದ ಸ್ಪರ್ಶ ವಾಪಸ್ ಬರುತ್ತೆ ಅಂತ ಆಸೆ ಇಟ್ಕೋಬೇಡಿ.”

ದರ್ಜಿಯಮ್ಮ ತಲೆಯಾಡಿಸಿದರು. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದರು.

“ಹೇಳಿಕೊಡಿ ರೀ. ಈಗ ನಾನು ಏನನ್ನಬೇಕು?”

ಎಂಥೆಂಥ ರಾಜರಿಗೆ ಕೊನೆಯ ಮಾತು ಹೇಳಿಕೊಟ್ಟ ಬಾಯಿ! ತೆರೆಯಿತು, ಮುಚ್ಚಿಕೊಂಡಿತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಮೊಬೈಲು ಯಾರೂ ಒತ್ತದಿದ್ದರೂ ತಾನೇ ಎಚ್ಚೆತ್ತು ಮೊಳಗಿತು. “ನಿಮ್ಮ ಮುಖ್ಯವಾದ ಪ್ರಶ್ನೆ ಬಾಕಿ ಇದೆ. ಎಷ್ಟು ದಿನದಲ್ಲಿ ಗುಣ ಆಗುತ್ತೆ?”

ಈ ಸಲ ಯಾರೂ ಅದರ ಬಾಯಿ ಮುಚ್ಚಿಸಲು ಹೋಗಲಿಲ್ಲ.

ಮನೆಗೆ ಬಂದ ಮೇಲೆ ಮಗಳ ಫೋನು ಬಂತು. “ಅಪ್ಪಾ, ಆ್ಯಪು ಉಪಯೋಗಕ್ಕೆ ಬಂತಾ?” ಸಾಹೇಬರು “ಹೂಂ” ಎಂದರು. ಅವರ ಜೀವನದಲ್ಲೇ ಅತ್ಯಂತ ಚಿಕ್ಕ ಸಂಭಾಷಣೆ ಅದು. ನಿಜಕ್ಕೂ ಪಿಸುಗುಟ್ಟಿದ್ದೂ ಅವತ್ತೇ ಇರಬೇಕು, ಮಗಳು “ಏನು? ಏನಪ್ಪಾ?” ಎಂದು ಮತ್ತೆ ಮತ್ತೆ ಕೇಳಿದಳು.

ದರ್ಜಿಯಮ್ಮ ಅಳಲಿಲ್ಲ. ಚಹಾ ಮಾಡಿದರು, ಎಡಗೈಯಲ್ಲಿ ತಂದುಕೊಟ್ಟರು. ಕಿಟಕಿಯ ಪಕ್ಕ ನಿಂತು ರಾಣಿಯ ಅಂಗಿಯನ್ನು, ಅದರ ಬೋಳು ಭಾಗವನ್ನು, ಬಹಳ ದಿನಗಳ ನಂತರ ಎದುರೆದುರೇ ನೋಡಿದರು. ಆಮೇಲೆ ಅದನ್ನು ಗೂಟದಿಂದ ಇಳಿಸಿ ಗಂಡನ ತೊಡೆಯ ಮೇಲೆ ಹಾಕಿದರು.

“ಕನ್ನಡಕ ಹಾಕ್ಕೊಳ್ಳಿ.”

“ಯಾಕೆ?”

“ಕಂಪನಿಯವರಿಗೆ ಮಾತು ಕೊಟ್ಟಿದ್ದೀನಿ. ರಾಣಿ ಅರ್ಧ ಬೋಳು ಕತ್ತಿನ ಪಟ್ಟೀಲಿ ಓಡಾಡೋಕಾಗುತ್ತಾ? ಸೂಜಿ ತಗೊಳ್ಳಿ. ನಾನು ಹೇಳಿಕೊಡ್ತೀನಿ.”

“ನನಗೆ ಬರಲ್ವಲ್ಲೇ!”

“ಬರದೇ ಇರೋರಿಗೆ ತಾನೇ ಹೇಳಿಕೊಡೋದು?”

ಸಾಹೇಬರು ನಾಲ್ಕಾರು ಸಲ ಗುರಿ ತಪ್ಪಿ ಕೊನೆಗೆ ದಾರ ಪೋಣಿಸಿದರು. ದರ್ಜಿಯಮ್ಮ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಮೆಲುದನಿಯಲ್ಲಿ ಹೇಳಿಕೊಡುತ್ತಾ ಹೋದರು. “ಕೆಳಗಿಂದ ಮೇಲಕ್ಕೆ. ಹಾಗಲ್ಲ, ಪಕ್ಕಕ್ಕೆ. ಮಣಿ ತಗೊಳ್ಳಿ. ದುಂಡಗಿರೋದು. ಅದು ಮುಕ್ಕಾಗಿದೆ, ಬೇಡ. ನಿಟ್ಟುಸಿರು ಬಿಡಬೇಡಿ, ದಾರ ಅಲ್ಲಾಡುತ್ತೆ.” ಒಂದು ಮಣಿ ಕೂತಿತು, ಸೊಟ್ಟಗೆ. ಅದನ್ನು ಬಿಚ್ಚಿಸಿದರು. ಮತ್ತೆ ಹಾಕಿಸಿದರು.

ಎರಡನೆಯ ಮಣಿಗೆ ಸೂಜಿ ಬಟ್ಟೆ ದಾಟಿ ನೇರವಾಗಿ ಸಾಹೇಬರ ಹೆಬ್ಬೆರಳಿಗೆ ಇಳಿಯಿತು.

“ಅಯ್ಯಯ್ಯೋ! ಸತ್ತೆ ಕಣೇ!” ಎಂದು ಅವರು ಬೀದಿಗೆಲ್ಲ ಕೇಳುವಂತೆ ಕೂಗಿದರು.

ದರ್ಜಿಯಮ್ಮ ಬಗ್ಗಿ, ಅವರ ಬೆರಳ ತುದಿಯಲ್ಲಿ ಮೂಡಿದ ರಕ್ತದ ಚುಕ್ಕೆಯನ್ನು ಬಹಳ ಹೊತ್ತು ನೋಡಿದರು.

“ನೋವಾಯ್ತಾ?”

“ನೋವಾಗದೆ ಇರುತ್ತೇನೇ? ಪ್ರಾಣ ಹೋಯ್ತು!”

“ಪುಣ್ಯವಂತರು ಕಣ್ರೀ ನೀವು” ಎಂದರು ದರ್ಜಿಯಮ್ಮ. “ಹೂಂ, ಮುಂದಿನ ಮಣಿ ತಗೊಳ್ಳಿ.”